ಏಳು

ಹರಾಜು ಮುಗಿದ ಮೇಲೆ ವಡ್ಡಹಳ್ಳಿ ಮಂಡಿಯಲ್ಲಿ
ಕೊಳೆತ ಟೊಮೇಟೊ ವಾಸನೆಗೂ ಒಂದು ತೂಕವಿರುತ್ತದೆ.
ಅವತ್ತು ಆ ವಾಸನೆಯೊಳಕ್ಕೆ
ರಾಬರ್ಟ್‌ಸನ್ ಪೇಟೆಯ ಸಿಸ್ಟರ್ ಅರುಳ್‌ಮೇರಿ
ಮೂರು ಗೊಂಬೆ ತಂದು ನೆಲದ ಮೇಲೆ ಮಲಗಿಸಿದಳು:
ಸೊಂಟದ ಕೆಳಗೆ ಏನೂ ಇಲ್ಲದ ಗಂಡಸು,
ಶಾಲೆಗೆ ಚಕ್ಕರ್ ಹೊಡೆದಂತಿದ್ದ ಹುಡುಗ,
ಮೊಳದುದ್ದದ ಕೂಸು.

ಹಮಾಲರು ನಕ್ಕರು. ಗಂಗುಲಪ್ಪ ಎಲ್ಲರಿಗಿಂತ ಜೋರಾಗಿ:
'ಕಾಲೇ ಇಲ್ಲ, ಮೂಟೆ ಹೊರೋದು ಹೆಂಗೆ ಇವನು?'

ಭುಜ ತಟ್ಟಿ ಕೂಗಿ, ಎಂದಳು. ಎದೆ ನೋಡಿ.
ಒಬ್ಬರು ನೂರಾ ಎಂಟಕ್ಕೆ ಫೋನು, ಒಬ್ಬರು ಮಂಡಿಯೂರಿ.
(ಮಂಡಿಯಲ್ಲಿ ಹತ್ತೊಂಬತ್ತು ವರ್ಷ ಲೆಕ್ಕ ಬರೆದೂ
ನಾನು ಮಂಡಿಯೂರಿದ್ದು ಅವತ್ತೇ ಮೊದಲು.)
ದೊಡ್ಡವರಿಗೆ ಕೈ ಮೇಲೆ ಕೈ, ಮೊಣಕೈ ಮಡಿಸದೆ
ಎರಡಂಗುಲ ಇಳಿಯಬೇಕು, ಪೂರ್ತಿ ಮೇಲೆ ಬರಬೇಕು.
ಪಕ್ಕೆಲುಬು ಲಟಕ್ಕಂದರೂ ನಿಲ್ಲಿಸಬೇಡಿ,
ಮೂಳೆ ಆಮೇಲೆ ಕೂಡಿಕೊಳ್ಳುತ್ತೆ.
ಹುಡುಗನಿಗೆ ಒಂದೇ ಕೈ ಸಾಕು.

ಕೂಸಿಗೆ?
ಎರಡು ಬೆರಳೆತ್ತಿ ತೋರಿಸಿದಳು,
ಹಣ್ಣು ಗಟ್ಟಿಯೋ ಮೆತ್ತಗೋ ಅಂತ ನಾವು ಒತ್ತಿ ನೋಡುವ
ಅವೇ ಎರಡು ಬೆರಳು.
ಭುಜವಲ್ಲ, ಅಂಗಾಲು ತಟ್ಟಬೇಕಂತೆ ಅದಕ್ಕೆ.
ಅದರ ಮೂಗು ಬಾಯಿ ಎರಡೂ ನಮ್ಮ ಬಾಯೊಳಗೆ.
ಊದುವುದು ಕೆನ್ನೆಯಲ್ಲಿದ್ದಷ್ಟೇ ಗಾಳಿ,
ಬೂದಿ ಮುಚ್ಚಿದ ಕೆಂಡಕ್ಕೆ ಊದಿದಂತೆ,
ಬೂದಿ ಹಾರಬಾರದು.
'ಕೂಸು ಅತ್ತರೆ ಗೆದ್ದಿರಿ.'

ಆಮೇಲೆ ಎಣಿಕೆ. ಮೂವತ್ತು ಒತ್ತು, ಎರಡು ಉಸಿರು.
ಎಣಿಸುವುದು ನನ್ನ ಕಸುಬು, ಶುರು ಮಾಡಿದೆ:
ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಮತ್ತೊಂದು, ಎಂಟು
ಸಿಸ್ಟರ್ ತಡೆದಳು. 'ಒಂದೆಲ್ಲಿ? ಏಳೆಲ್ಲಿ?'

ಏನಂತ ಹೇಳಲಿ.
ಐದು, ಆರು, ನಮ್ಮೆರಡು ಭಾಷೆಗೂ ಒಂದೇ.
ಏಳಕ್ಕೆ ಬಂದು ಕವಲಾಗುತ್ತದೆ.
ಮನೆಯ ತೆಲುಗಿನಲ್ಲಿ ಅದು ಏಡು. ಏಡು ಅಂದರೆ ಅಳು.
ರಾಶಿ ಮುಂದೆ ಅಳು ಅನ್ನುತ್ತಾರಾ?
ಬೀದಿಯ ಕನ್ನಡದಲ್ಲಿ ಏಳು.
ಬಂದು ಕೂತ ಲಕ್ಷ್ಮಿಗೆ ಏಳು ಅನ್ನುತ್ತಾರಾ?
ನಮ್ಮಪ್ಪ ಸಾಯುವ ತನಕ ಆ ಅಂಕಿ ಬಾಯಿಬಿಟ್ಟು ಆಡಲಿಲ್ಲ.

ಇಪ್ಪತ್ತಮೂರು ದಿನ ಬಿಟ್ಟು, ಬೆಳಗಿನ ಐದೂವರೆ.
ಎರಡು ಕ್ರೇಟು ಹೊತ್ತ ಗಂಗುಲಪ್ಪ ಕೂತ.
ಕೂತ ಅಂದುಕೊಂಡೆವು.
ಹಣ್ಣುಗಳು ಉರುಳಿ ಲಾರಿ ಚಕ್ರದಡಿ ಹೋದವು,
ಅವನು ಬಯ್ಯಲಿಲ್ಲ.
ಗೊರಕೆಯಂಥದ್ದೊಂದು ಬಂತು. ಅದನ್ನು ಉಸಿರು ಅಂತ
ನಂಬಬೇಡಿ ಎಂದಿದ್ದಳು ಸಿಸ್ಟರ್.
ಬಾಷಾ ಫೋನು ಹಿಡಿದ.

ಲಾಭ, ಎರಡು, ಮೂರು
ಗೊಂಬೆಗಿಲ್ಲದ ಬೆವರು, ಬನಿಯನ್ನಿನ ತೂತು
ನಾಲ್ಕು, ಐದು
ಅಂಗೈ ಕೆಳಗೆ ಹಳೇ ಮರದ ಪೆಟ್ಟಿಗೆಯ ಪಟ್ಟಿ ಬಿರಿದ ಸದ್ದು
ಆರು
ನಾಲಿಗೆ ರೂಢಿಯಂತೆ ಮತ್ತೊಂದರ ಕಡೆ ಹೊರಟಿತ್ತು,
ಎಳೆದು ತಂದೆ.
ಏಳು.

ಹದಿನೇಳು ಬಂದಾಗ, ಇಪ್ಪತ್ತೇಳು ಬಂದಾಗ
ಹಿಂದಿನದನ್ನೆಲ್ಲ ನುಂಗಿ ಅದೊಂದನ್ನೇ ಕೂಗಿದೆ, ಏಳು, ಏಳೋ.
ಬೀಡಿಯ ಬಾಯಿಗೆ ಎರಡುಸಿರು. ಮತ್ತೆ ಲಾಭದಿಂದ.
ಕೈ ಸೋತಾಗ ಬಾಷಾ ಬಂದ. ಅವನು ಸೋತಾಗ ನಾನು.
ರೇಟು ಕೂಗುವ ಪಿಳ್ಳಾರೆಡ್ಡಿ ಕೂಡ
ಹರಾಜು ಮರೆತು ನಮ್ಮ ಜೊತೆ ಎಣಿಸುತ್ತಿದ್ದ.
ವ್ಯಾನು ಬರಲು ಹದಿನಾಲ್ಕು ನಿಮಿಷ. ಅವರು ಕರೆಂಟು ಕೊಟ್ಟರು.
ಎರಡನೇ ಸಲಕ್ಕೆ ಅವನ ಎದೆ ತಾನೇ ಶುರುವಾಯಿತು.

ಗಂಗುಲಪ್ಪ ಈಗ ಮೂಟೆ ಹೊರುವುದಿಲ್ಲ,
ಗೇಟಿನ ಹತ್ತಿರ ಕೂತು ಚೀಟಿ ಹರಿಯುತ್ತಾನೆ.
ನನ್ನ ಕಂಡರೆ ಪಕ್ಕೆ ಹಿಡಿದುಕೊಂಡು
'ಇನ್ನೂ ನೋಯ್ತದೆ ಕಣಯ್ಯಾ ನಿನ್ನ ಲೆಕ್ಕ' ಅನ್ನುತ್ತಾನೆ.

ರಾಶಿ ಮುಂದೆ ಈಗಲೂ ಮತ್ತೊಂದು ಅಂತಲೇ ಎಣಿಸುತ್ತೇನೆ.
ಕಸುಬು ಕಸುಬೇ.
ರಾತ್ರಿ ಮಾತ್ರ, ಬಾಣಂತನಕ್ಕೆ ಬಂದ ಮಗಳು ಮಲಗಿದ ಮೇಲೆ,
ಕೂಸಿನ ಎದೆಗೆ ಎರಡು ಬೆರಳಿಡುತ್ತೇನೆ, ಒತ್ತುವುದಿಲ್ಲ.
ಒಳಗೆ ಅದೇ ಎಣಿಸಿಕೊಳ್ಳುತ್ತಿದೆ, ನನಗಿಂತ ಬೇಗ ಬೇಗ.
ಮನೆಮಾತಲ್ಲಿ ಜೊತೆಗೂಡುತ್ತೇನೆ:
ಐದು, ಆರು, ಏಡು.
ಎಚ್ಚರಾಗಿ ಸೂರು ಹಾರುವಂತೆ ಅಳುತ್ತದೆ.
ಹೆಂಡತಿ ಕತ್ತಲಲ್ಲೇ ಬಯ್ಯುತ್ತಾಳೆ.