ಹಗ್ಗದ ಸುದ್ದಿ

ಸಿದ್ದಾಪುರದ ಬೆಳಗಿನ ಮೊದಲ ಬಸ್ಸಿಗೆ ಓಡಿ
ಕಂಡಕ್ಟರ್ ಹಂಸನ ಕೈಗೆ ಲಕೋಟೆ ಕೊಡುತ್ತೇನೆ.
ಮಡಿಕೇರಿಯ ಪತ್ರಿಕಾ ಕಚೇರಿಗೆ ಅವನೇ ಮುಟ್ಟಿಸುತ್ತಾನೆ,
ಲಗೇಜು ಚಾರ್ಜು ಇಲ್ಲ.
‘ಈ ಸಲವಾದರೂ ಹಾಕ್ತಾರಾ?’
ಒಳಗಿರುವುದು ಒಂದೇ ಹಾಳೆ:
ಮಹಿಳೆಯರ ಹಗ್ಗಜಗ್ಗಾಟ, ಭಾನುವಾರ, ಪಂಚಾಯಿತಿ ಮೈದಾನ,
ಆಸಕ್ತರು ಬರಬಹುದು,
ಬೂಟು ಇಲ್ಲದಿದ್ದರೂ ನಡೆಯುತ್ತದೆ.

ಹಾಕ್ತಾರೆ. ಒಮ್ಮೊಮ್ಮೆ.
ಹಾಕಿಗೆ ಮುಕ್ಕಾಲು ಪುಟ. ಆಗಲಿ, ನಮ್ಮದೇ ಹಾಕಿ,
ಅಣ್ಣನೂ ಆಡಿದವನೇ, ಅವನ ಮೊಣಕಾಲು ಈಗಲೂ ಹೇಳುತ್ತದೆ.
ಆನೆ ದಾಳಿಗೆ ಕಾಲು ಪುಟ, ಅದೂ ನ್ಯಾಯವೇ.
ಕಾಳುಮೆಣಸಿನ ದರ, ಕರೆಂಟು ಕಡಿತ, ಶ್ರದ್ಧಾಂಜಲಿ,
ಇವರೆಲ್ಲ ಕೂತ ಮೇಲೆ ಉಳಿದ ಬೆರಳಗಲ ಜಾಗದಲ್ಲಿ
ಎಂಟು ಹೆಂಗಸರು ಹಗ್ಗ ಹಿಡಿದು ನಿಲ್ಲಬೇಕು.
ನಿಲ್ಲುತ್ತಾರೆ.
ಕೊನೆಯ ಹೆಸರು ಮಾತ್ರ ಯಾವಾಗಲೂ ಅಂಚಿನಾಚೆ ಬೀಳುತ್ತದೆ.

ಎಂಟೂ ಜನ ಸೇರಿ ಐನೂರು ಕಿಲೋ ದಾಟಬಾರದು, ನಿಯಮ.
ನಮ್ಮಲ್ಲಿ ಯಂತ್ರವೆಲ್ಲಿ?
ಉಮ್ಮರ್ ಸಾಹುಕಾರರ ಗೋದಾಮಿನಲ್ಲಿ ಕಾಫಿ ಚೀಲ ಇಳಿಸಿ
ಅದೇ ಹಲಗೆಯ ಮೇಲೆ ಒಬ್ಬೊಬ್ಬರಾಗಿ ಹತ್ತಿದರು.
‘ಗೋಣಿಗೆ ಒಂದು, ತೇವಕ್ಕೆ ಎರಡು ಕಳೀಲಾ?’
ತೂಕ ಬರೆಯುವ ಹುಡುಗನ ಪ್ರಶ್ನೆ.
‘ನಿನ್ನ ನಾಲಿಗೆಯದ್ದೂ ಸೇರಿಸು, ಅರ್ಧ ಕಿಲೋ,’
ಟೈಲರ್ ದಮಯಂತಿಯ ಉತ್ತರ.
ಐನೂರ ನಾಲ್ಕು.
ಚೋಂದಮ್ಮ ಟೀಚರ್ ಎಂಟು ದಿನ ಅನ್ನ ಬಿಟ್ಟರು.
ಗುಂಪಿನಲ್ಲಿ ಭಾರದವರೇನಲ್ಲ ಅವರು,
ಹಿರಿಯರು, ಅಷ್ಟೇ.

ಹಗ್ಗ ಮೈಸೂರಿನದು, ಚಂದಾ ಎತ್ತಿ ತಂದದ್ದು.
ಮೋಡ ಕಟ್ಟಿದರೆ ಮೂವತ್ಮೂರು ಮೀಟರನ್ನೂ ಸುರುಳಿ ಸುತ್ತಿ
ಹೆಗಲಿಗೇರಿಸಿ ಶಾಲೆಯ ಜಗಲಿಗೆ ಓಡುವವನು
ಮೀನಂಗಡಿಯ ರಫೀಕ್.
ಅದಕ್ಕೇ ನಮ್ಮ ಹಗ್ಗಕ್ಕೆ ಸ್ವಲ್ಪ ಮತ್ತಿಯ ವಾಸನೆ.

ಈ ಆಟದಲ್ಲಿ ಮುಂದೆ ಹೋದವರು ಸೋಲುತ್ತಾರೆ.
ಇದನ್ನೂ ಬರೆದಿದ್ದೆ, ಉಪಸಂಪಾದಕರು ಹೊಡೆದುಹಾಕಿದರು.
ಹಿಮ್ಮಡಿ ಊರಿ, ಬೆನ್ನು ನೆಲಕ್ಕೆ ಬಾಗಿಸಿ,
ಎದುರಾಳಿಯ ಮುಖ ಕಾಣದೆ
ಮುಂದಿನವಳ ಜಡೆಯನ್ನಷ್ಟೇ ಕಾಣುತ್ತ
ಒಂದು ಗೇಣು. ತಡಿ. ಇನ್ನೊಂದು ಗೇಣು.
ಎಲ್ಲರ ಹಿಂದೆ, ಕಂಕುಳಿಂದ ಹೆಗಲಿಗೆ ಹಗ್ಗ ಹಾಯಿಸಿ,
ಬೇರಿನಂತೆ ಕೂತುಬಿಡುತ್ತಾಳೆ ಚೆಲ್ಲಿ,
ಪೈಸಾರಿ ಹಾಡಿಯಿಂದ ನಾಲ್ಕು ಮೈಲಿ ನಡೆದು ಬರುವವಳು.
ಅಂಚಿನಾಚೆ ಬೀಳುವ ಹೆಸರು ಅವಳದೇ.

ಹೋದ ಜೂನಿನಲ್ಲಿ ಫೋಟೋ ಬಂತು. ಮೂರು ಕಾಲಂ!
ಅಡಿಯಲ್ಲಿ:
‘ರಸ್ತೆಗೆ ಉರುಳಿದ ಮರವನ್ನು ತೆರವುಗೊಳಿಸುತ್ತಿರುವ ಗ್ರಾಮಸ್ಥರು.’
ಹಗ್ಗದ ಆಚೆ ತುದಿಯನ್ನು ಕತ್ತರಿಸಿದ್ದರು,
ಅಲ್ಲಿ ಏನು ಬೇಕಾದರೂ ಇರಬಹುದಿತ್ತು.
ನಾನು ತಿದ್ದುಪಡಿ ಬರೆಯಲು ಕೂತೆ, ಕೈ ನಡುಗುತ್ತಿತ್ತು.
ದಮಯಂತಿ ನಗುತ್ತ ಅದನ್ನು ಅಂಗಡಿಯ ಕನ್ನಡಿಗೆ ಅಂಟಿಸಿದಳು.
ರವಿಕೆ ಅಳತೆಗೆ ಬಂದವರೆಲ್ಲ ಕೇಳಿದರು:
‘ಯಾವ ಮರ? ಎಲ್ಲಿ ಬಿತ್ತು?’
ಟೇಪನ್ನು ಕೊರಳಿಗೆ ಹಾಕಿಕೊಂಡು
ಅವಳು ಮೊದಲಿಂದ ಹೇಳುತ್ತಿದ್ದಳು.
ಆ ತಿಂಗಳು ಮೈದಾನಕ್ಕೆ ಹೊಸಬರು ಐದು ಜನ.
ಪತ್ರಿಕೆಯಿಂದಲೋ, ರವಿಕೆಯಿಂದಲೋ,
ನಾನು ಲೆಕ್ಕ ಇಟ್ಟಿಲ್ಲ.

ಈ ಸಲ ಹೆಸರುಗಳನ್ನು ಹಿಂದಿನಿಂದ ಬರೆದಿದ್ದೇನೆ:
ಚೆಲ್ಲಿ, ಆಮೇಲೆ ಸುಹರಾ, ಆಮೇಲೆ ದಮಯಂತಿ...
ಕೊನೆಯಲ್ಲಿ ಚೋಂದಮ್ಮ ಟೀಚರ್.
‘ನಂದು ಬಿದ್ದರೆ ಬೀಳಲಿ,’ ಎಂದರು ಅವರು,
‘ಇಸ್ಪೀಡು ಕಳ್ಳರ ಸುದ್ದಿಯ ಪಕ್ಕ ಮಾತ್ರ ಬೇಡ.’

ಲಕೋಟೆ ಕೊಟ್ಟೆ. ಹಂಸ ಅದನ್ನು ಟಿಕೆಟ್ ಚೀಲಕ್ಕೆ ತುರುಕಿ ಕೆಳಗಿಳಿದ.
ನಿಲ್ದಾಣ ಇಕ್ಕಟ್ಟು, ಬಸ್ಸು ತಿರುಗಬೇಕು.
ಅವನು ಹಿಂದೆ ನಿಂತು ತಗಡು ಬಡಿಯುತ್ತಿದ್ದ:
ಬರ್ಲಿ, ಬರ್ಲಿ,
ಇನ್ನೂ ಹಿಂದೆ ಬರ್ಲಿ.