ಐದು ಕಂಡಿಕಿ

ಗುಳೇದಗುಡ್ಡದ ಓಣಿಗೆ ಮೊದಲ ಸಲ ಹೋದಾಗ
ನನ್ನ ಚೀಲದಲ್ಲಿ ಇಪ್ಪತ್ತೆರಡು ಪ್ರಶ್ನೆ ಇದ್ದವು.
ಯಾವುದೋ ದೇಶದಲ್ಲಿ ಹುಟ್ಟಿ, ಪಾಸಾಗಿ,
ಇಬ್ಬರ ಕೈಯಲ್ಲಿ ಕನ್ನಡಕ್ಕೆ ಬಂದು
ಮತ್ತಿಬ್ಬರ ಕೈಯಲ್ಲಿ ಹಿಂದಕ್ಕೆ ಹೋಗಿ
ಸುಖವಾಗಿ ಮರಳಿದಂಥವು.

'ಕಳೆದ ಎರಡು ವಾರಗಳಲ್ಲಿ ತಮಗೆ ಬೇಸರವಾಗಿತ್ತೇ?'
ಕುಣಿಮಗ್ಗದೊಳಗಿಂದ ಮಾಬೂಬಿ
ಸೆರಗಿನಲ್ಲಿ ಬೆವರೊರೆಸಿ ಹೇಳಿದಳು:
'ಬ್ಯಾಸಗಿ ಅಲ್ರೀ, ಹಂಗ ಇರತೈತಿ.'
ಲಾಳಿಯ ಸದ್ದಿಗೆ ಪ್ರಶ್ನೆ ಸರಿಯಾಗಿ ಕೇಳಿಸಿರಲಿಲ್ಲ.
ನಾನು 'ಕೆಲವೊಮ್ಮೆ'ಗೆ ಗುರುತು ಹಾಕಿದೆ.
ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

'ಉಲ್ಲಾಸ'ಕ್ಕೆ ಯಾರೂ ಬಾಯಿ ತೆರೆಯಲಿಲ್ಲ.
'ಖಿನ್ನತೆ'ಗೆ ಒಬ್ಬಾಕೆ,
'ಅದನ್ನ ದಿನಕ್ಕ ಎಷ್ಟು ಸಲ ತಗೋಬೇಕ್ರಿ?'

ಕಾಗದ ಬದಿಗಿಟ್ಟು ಕಟ್ಟೆಯ ಮೇಲೆ ಕೂತೆವು, ಆರು ವಾರ.
ಹೆಂಗಸರೇ ಕೊಟ್ಟರು: ಎದಿ ಭಾರ,
ಉಂಡದ್ದು ಮೈಗೆ ಹತ್ತದ್ದು,
ಕರದ್ರ ಓ ಅನ್ನಾಕ ಬ್ಯಾಡಾದದ್ದು.
ಐದು ಮೆಟ್ಟಿಲಿನ ಅಳತೆ ಮಾತ್ರ ಯಾರಿಗೂ ಹತ್ತಲಾಗಲಿಲ್ಲ;
'ಕೆಲವೊಮ್ಮೆ'ಗೂ 'ಆಗಾಗ'ಕ್ಕೂ ಎಷ್ಟು ಗೇಣು?
ಸಾವಂತ್ರೆವ್ವ ಮರದ ಪೆಟ್ಟಿಗೆ ಕೆದರಿ
ಐದು ಕಂಡಿಕಿ ಸಾಲಾಗಿಟ್ಟಳು:
ಒಂದು ಬೋಳು, ಒಂದಕ್ಕೆ ನಾಕು ಸುತ್ತು,
ಒಂದು ಅರ್ಧ, ಒಂದು ಮುಕ್ಕಾಲು,
ಒಂದು ಬಿರಿಯುವ ಹಾಗೆ ಕೆಂಪು ನೂಲು.
'ಈಗ ಕೇಳ್ರಿ. ಮುಟ್ಟಿ ತೋರಸ್ತಾರ.'

ತೋರಿಸಿದರು.
ಅತ್ತೆ ಬಾಗಿಲಲ್ಲಿ ನಿಂತ ಮನೆಗಳಲ್ಲಿ ಮಾತ್ರ
ಬೆರಳು ಬೋಳು ಕಂಡಿಕಿ ಬಿಟ್ಟು ಕದಲಲಿಲ್ಲ.
'ಎದಿ ಭಾರ ಐತಿ?' ಬೋಳು.
'ಆರಾಮ ಅದೀರಿ?' ಅಂತ ತಿರುಗಿಸಿ ಕೇಳಿದರೆ
ಅದಕ್ಕೂ ಬೋಳು.
ಅಂಥ ಹನ್ನೊಂದು ಹಾಳೆ ಬೇರೆ ಕಟ್ಟಿಟ್ಟೆವು.

ಹದಿನೈದು ದಿನ ಬಿಟ್ಟು
ಅದೇ ಮನೆ, ಅದೇ ಪ್ರಶ್ನೆ, ಅದೇ ನೂಲು.
ಕಸ್ತೂರೆವ್ವನ ಬೆರಳು ಐದರಿಂದ ಎರಡಕ್ಕೆ ಇಳಿದಿತ್ತು.
ಬಾಗಲಕೋಟೆಯ ಕೋಣೆಯಲ್ಲಿ ಮಂಟೂರ ಸರ್
ಕನ್ನಡಕ ಹಣೆಗೇರಿಸಿ ಅಂದರು:
'ತಕ್ಕಡಿ ಅಂದಮ್ಯಾಲೆ
ಇವತ್ತು ಸೇರು, ನಾಳೆ ಪಾವು ಅನಬಾರದು.'
ಆಕೆಯ ಮಗಳಿಗೆ ಹೆರಿಗೆಯಾಯಿತು ಸರ್, ಅಂದೆ,
ತಾಯಿ ಕೂಸು ಇಬ್ಬರೂ ಮನೆಗೆ ಬಂದರು.
ಅವರು ಸುಮ್ಮನಾದರು.
ಅವರ ಪರದೆಯ ಮೇಲೆ ಅದಕ್ಕೊಂದು ಕಾಲಂ ಇರಲಿಲ್ಲ.

ಒಂಬತ್ತನೆಯ ಪ್ರಶ್ನೆ ಮಾಬೂಬಿಯದು:
'ಮಗ್ಗ ನಿಂತ ಮ್ಯಾಲೂ ಕಿವ್ಯಾಗ ಬಡೀತಿರತೈತೇನು?'
ಕೇಳಿದವರೆಲ್ಲ ಮೊದಲು ನಗುತ್ತಿದ್ದರು,
ಆಮೇಲೆ ನಗುವುದನ್ನು ನಿಲ್ಲಿಸುತ್ತಿದ್ದರು.
ಉಳಿದವುಗಳ ಜೊತೆ ಅದು ಕೂಡಲೇ ಇಲ್ಲ.
ಅದಿದ್ದರೆ ಆಲ್ಫಾ ಸೊನ್ನೆ ಪಾಯಿಂಟ್ ಏಳು ಎಂಟು,
ತೆಗೆದರೆ ಎಂಟು ಒಂದು.
ಹಾಸಿನಲ್ಲಿ ಒಂದೆಳೆ ಬಿಗಿ ತಪ್ಪಿದರೆ
ಇಡೀ ಖಣ ಸುಕ್ಕು. ನೇಯುವವರ ಮುಂದೆ ಹೇಳಬೇಕೆ.
ತೆಗೆದೆವು. ಇಲ್ಲ, ನಾನೇ ತೆಗೆದೆ.
ಪ್ರಶ್ನೆ ಕೆಟ್ಟದಿರಲಿಲ್ಲ,
ಅದು ಬೇರೇನನ್ನೋ ಅಳೆಯುತ್ತಿತ್ತು.
ಏನನ್ನು ಎಂದು ತಿಳಿಯಲು
ಆ ವರ್ಷದ ಅನುದಾನದಲ್ಲಿ ಹಣವಿರಲಿಲ್ಲ.

ಕೊನೆಯ ದಿನ ಕಂಡಿಕಿ ಮರಳಿಸಲು ಹೋದೆ.
ಸಾವಂತ್ರೆವ್ವ ಅವನ್ನು ಪೆಟ್ಟಿಗೆಗೆ ಹಾಕಲಿಲ್ಲ,
ನನ್ನ ಮುಂದೆ ಸಾಲಾಗಿಟ್ಟಳು.
'ಅಕ್ಕಾರ, ನಿಮ್ಮನ್ನ ಯಾರರ ಕೇಳ್ಯಾರೇನು?'
ನಗುತ್ತ ನಡುವಿನದನ್ನು ಮುಟ್ಟಿದೆ.

ನಡುವಿನದನ್ನು ಮುಟ್ಟುವವರು
ಬಹಳ ಸಲ ತಪ್ಪಿಸಿಕೊಳ್ಳುತ್ತಿರುತ್ತಾರೆ.
ಅವಸರಪಡಿಸಬೇಡಿ, ಮುಖ ದಿಟ್ಟಿಸಬೇಡಿ, ಕಾಯಿರಿ.
ನಾನೇ ಬರೆದ ಕೈಪಿಡಿ, ಪುಟ ಆರು.

ಆಕೆ ಮಗ್ಗದ ಕಡೆ ಮುಖ ತಿರುಗಿಸಿ
ಕಾಯತೊಡಗಿದಳು.