ಗಾಳಿ ಬಿಟ್ಟು ನಿಲ್ಲಿಸು

ವಾಗಡೂಗು, ಏಪ್ರಿಲ್.
ಬೆಳಗಿನ ಆರೂವರೆಗೇ ಹ್ಯಾಂಡಲ್ಲು ಬೆಚ್ಚಗೆ,
ರಾತ್ರಿಯಿಡೀ ಯಾರೋ ಹಿಡಿದಿದ್ದು
ಈಗಷ್ಟೇ ಕೈಬಿಟ್ಟ ಹಾಗೆ.

ತಾಂಗೆನ್‌ನಿಂದ ಆಸ್ಪತ್ರೆಗೆ ಒಂಬತ್ತು ಕಿಲೋಮೀಟರು.
ಸುತ್ತುಬಟ್ಟೆಯ ಅಂಚನ್ನು ಮಂಡಿಯ ಬಳಿ ಗಂಟು ಹಾಕಿ
ತುಳಿಯುತ್ತಾಳೆ ನೊಪೊಕೊ. ಹೋಗುವಾಗ ಪರವಾಗಿಲ್ಲ;
ಕಟ್ಟೆಯ ಏರಿ ಮೇಲೆ ನೀರಿನ ವಾಸನೆಯಾದರೂ ಇದೆ.
ಈರುಳ್ಳಿ ಮಡಿಗೆ ನೀರು ಹೊಯ್ಯುವ ಹುಡುಗ ದಿನಾ ಕೇಳುತ್ತಾನೆ:
ಮನೆಯವರು ಚೆನ್ನಾಗಿದ್ದಾರಾ, ಕೆಲಸ ಚೆನ್ನಾಗಿದೆಯಾ,
ಬಿಸಿಲು ಚೆನ್ನಾಗಿದೆಯಾ?
ಚೆನ್ನಾಗಿದೆ, ಅನ್ನುತ್ತಾಳೆ,
ಈಗ ಅದಕ್ಕೆ ಮಕ್ಕಳೂ ಆಗಿವೆ.

ಅವಳ ಕೆಲಸ ಇಸ್ತ್ರಿ.
ಹೆರಿಗೆ ವಾರ್ಡಿನ ಹಾಸು, ಡಾಕ್ಟರ ಕೋಟು, ಕೂಸುಗಳ ತುಂಡುಬಟ್ಟೆ.
ಬಾಣಲೆಯಿಂದ ಬೆಂಕಿಗೆ ಅನ್ನುತ್ತಾರಲ್ಲ,
ಅವಳಿಗೆ ಅದು ಬರೀ ಹಾಜರಿ ಪುಸ್ತಕ.

ಮೊದಲ ದಿನವೇ ಗೇಟಿನ ಸಲ್ಫೋ ಹೇಳಿದ್ದ:
ಗಾಳಿ ಬಿಟ್ಟು ನಿಲ್ಲಿಸು ತಾಯಿ,
ಮಧ್ಯಾಹ್ನಕ್ಕೆ ಟ್ಯೂಬು ಉಬ್ಬುತ್ತೆ.
ಒಂದೇ ಸಲ ಮರೆತಳು.
ಎರಡು ಗಂಟೆಗೆ ಢಮ್ಮೆಂದಿತು ಬೇವಿನ ಬುಡದಲ್ಲಿ;
ನೆರಳು ಅಷ್ಟರಲ್ಲಿ ಬೇರೆ ಕಡೆ ಸರಿದಿತ್ತು.
ವಾರ್ಡಿನಲ್ಲಿ ಹದಿನಾಲ್ಕು ಕೂಸುಗಳು ಒಟ್ಟಿಗೆ ಅತ್ತವು.
ಬೆಳಗಿನಿಂದ ದನಿಯೆತ್ತದೆ
ಎಲ್ಲರನ್ನೂ ಹೆದರಿಸಿದ್ದ ಒಂದು, ಅದೂ.
ಟ್ಯೂಬಿನ ದುಡ್ಡನ್ನಂತೂ ಯಾರೂ ಕೊಡಲಿಲ್ಲ.

ವಾಪಸು ಹೊರಟಾಗ ನಾಲ್ಕು ಗಂಟೆ.
ಸಲ್ಫೋನ ಪಂಪು ಎರವಲು ಪಡೆದು
ಅದೇ ಸುಡುಗಾಳಿಯನ್ನು ಮತ್ತೆ ಒಳಗೆ ನೂಕುತ್ತಾಳೆ.
ಸೀಟಿಗೆ ಒದ್ದೆ ಬಟ್ಟೆ; ಕೂರುವಷ್ಟರಲ್ಲಿ ಅದು ಒಣಬಟ್ಟೆ.
ಹೊರಟ ನೆಂಟರ ಸೆರಗು ಹಿಡಿವ ಮಗುವಿನಂತೆ
ಡಾಂಬರು ಚಕ್ರವನ್ನು ಬಿಡಲೊಲ್ಲದು.
ಉಗುಳು ನುಂಗೋಣವೆಂದರೆ ಉಗುಳಿಲ್ಲ.

ಕೆಂಪು ದೀಪ.
ಬಿಳಿಗೆರೆಯ ತನಕ ಯಾರೂ ಹೋಗುವುದಿಲ್ಲ.
ಹಿಂದೆಯೇ, ಹತ್ತಿಮೂಟೆ ಹೇರಿದ ಲಾರಿಯ ಪಕ್ಕದಲ್ಲಿ
ಮಡಿಸಿಟ್ಟ ಹಾಸಿನಷ್ಟು ಅಗಲ ನೆರಳು.
ಅದರೊಳಗೆ ಎಂಟು ಸೈಕಲ್ಲು:
ಬ್ರೆಡ್ಡಿನವನು, ಯೂನಿಫಾರ್ಮಿನ ಇಬ್ಬರು ಹುಡುಗಿಯರು,
ಪರಿಚಯವಿಲ್ಲದವರ ಮೊಣಕೈಗೆ ಮೊಣಕೈ.
ಕೊನೆಗೆ ಬಂದವನೊಬ್ಬ ಮುದುಕ,
ಹ್ಯಾಂಡಲ್ಲಿಗೆ ಕಾಲು ಕಟ್ಟಿ ತೂಗುಬಿಟ್ಟ ಕೋಳಿಗಳು.
ಜಾಗವಿಲ್ಲ.
ಮುಂದಿನ ಚಕ್ರವನ್ನಷ್ಟೇ ಒಳಗೆ ತಿರುಗಿಸಿದ,
ಕೋಳಿಗಳ ತಲೆ ನೆರಳಿಗೆ ಬರುವಷ್ಟು.
ಅವನ ಬೆನ್ನು ಬಿಸಿಲಲ್ಲೇ.
ನೊಪೊಕೊ ಒಂದು ಗೇಣು ಸರಿದಳು,
ಅವಳ ಪಕ್ಕದವಳು ಇನ್ನೊಂದು.

ಹಸಿರಾಯಿತು.
ನೆರಳನ್ನೂ ಎಳೆದುಕೊಂಡು ಲಾರಿ ಹೊರಟಿತು.
ಒಂದಷ್ಟು ದೂರ, ಕಾಲಲ್ಲಿ ಇದ್ದಷ್ಟನ್ನೂ ಹಾಕಿ,
ಎಲ್ಲರೂ ಅದರ ಹಿಂದೆ ತುಳಿದರು,
ಕೋಳಿಗಳ ಮುದುಕನೂ.